ಬೋಲ್ಟೋ, ಹಲ್ಲೋ? ಪ್ಲಾಸ್ಟಿಕ್ ರೋಬೋ ಕಾಳಗದ ಒಂದು ನಿಯಮದ ಕಥೆ

ನಿಯಮ ಬರೆಯುವವರು ಚಾಪೆ ಹಾಸಿದರೆ ರೋಬೋ ಕಟ್ಟುವವರು ಅದರ ಕೆಳಗೆ ತೂರುತ್ತಾರೆ. ಇವರು ರಂಗೋಲಿ ಬಿಟ್ಟರೆ ಅವರು ಅದರ ಕೆಳಗೂ ತೂರುತ್ತಾರೆ. ಕಾಳಗದ ರೋಬೋ ಸ್ಪರ್ಧೆಗಳಲ್ಲಿ ಇದು ಹೊಸದೇನಲ್ಲ. ಒಂದು ಸಣ್ಣ ಸ್ಪರ್ಧೆಯಲ್ಲಿ ಬೋಲ್ಟಿನ ಬಗ್ಗೆ ಇದ್ದ ಅರ್ಧ ಸಾಲಿನ ವಿನಾಯಿತಿ ಹೇಗೆ ಇಡೀ ವಿಭಾಗದ ಸ್ವಭಾವವನ್ನೇ ಬದಲಿಸಿತು, ಆಯೋಜಕರು ಯಾವ ಹಂತದಲ್ಲಿ ಯಾವ ನಿರ್ಧಾರ ತೆಗೆದುಕೊಂಡರು, ಅದರಲ್ಲಿ ಯಾವುದು ಕೈಕೊಟ್ಟಿತು ಎಂಬುದು ಈ ಪ್ರಕರಣದ ವಿಷಯ. ತಂಡ, ಸ್ಥಳ, ಸ್ಪರ್ಧೆಯ ಹೆಸರುಗಳನ್ನು ಬಿಟ್ಟಿದ್ದೇವೆ. ರೋಬೋ ಕಟ್ಟಿದ ತಂಡವನ್ನು ಮುಂದೆ ‘ಡ್ರಮ್ ತಂಡ’ ಎಂದಷ್ಟೇ ಕರೆದಿದೆ; ಡ್ರಮ್ ಎಂದರೆ ರೋಬೋದಲ್ಲಿ ಆಯುಧವಾಗಿ ವೇಗವಾಗಿ ತಿರುಗುವ ಹಲ್ಲಿನ ಉರುಳೆ.

ಹಿನ್ನೆಲೆ

ವಿಭಾಗ 454 ಗ್ರಾಮಿನದು, ಅಂದರೆ ಒಂದು ಪೌಂಡ್. ಅದರಲ್ಲೂ ‘ಪ್ಲಾಸ್ಟಿಕ್ ಮಾತ್ರ’ ಎಂಬ ಉಪವಿಭಾಗ. ಈ ಉಪವಿಭಾಗ ಹುಟ್ಟಿದ್ದೇ ಹೊಸಬರಿಗಾಗಿ. ತ್ರೀಡಿ ಪ್ರಿಂಟರ್ ಒಂದಿದ್ದರೆ ಸಾಕು, ಲೋಹ ಕೊರೆಯುವ ಯಂತ್ರ ಬೇಡ. ಮುರಿದದ್ದನ್ನು ರಾತ್ರಿ ಪ್ರಿಂಟ್ ಹಾಕಿ ಬೆಳಿಗ್ಗೆ ಮತ್ತೆ ಕಣಕ್ಕಿಳಿಸಬಹುದು. ಎರಡೂ ಕಡೆಯ ಕವಚ ಮತ್ತು ಆಯುಧ ಒಂದೇ ಜಾತಿಯ ವಸ್ತುವಾದ್ದರಿಂದ ಹೊಡೆತ ಕೊಟ್ಟವನ ಆಯುಧವೂ ಅಷ್ಟಷ್ಟು ಸವೆಯುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಕಾಣಿಸುವುದಿಲ್ಲ. ಪ್ಲಾಸ್ಟಿಕ್ ಹಲ್ಲು ಐದಾರು ಹೊಡೆತಕ್ಕೆ ಮೂಲೆ ಕಳೆದುಕೊಂಡು ಮೊಂಡಾಗುತ್ತದೆ, ಆಮೇಲೆ ಕಚ್ಚದೆ ಜಾರುತ್ತದೆ. ಪಂದ್ಯದ ಮೂರು ನಿಮಿಷದಲ್ಲಿ ಮೊದಲ ಒಂದು ನಿಮಿಷ ಆಯುಧದ್ದು, ಉಳಿದದ್ದು ಚಾಲಕನದ್ದು. ವಿಭಾಗದ ಸಮತೋಲ ನಿಂತಿರುವುದು ಈ ಸವೆತದ ಮೇಲೆ.

ಆ ಸ್ಪರ್ಧೆಯ ನಿಯಮದಲ್ಲಿ ಇದ್ದದ್ದು ಎರಡು ವಾಕ್ಯ. ಒಂದು: ಚೌಕಟ್ಟು, ಕವಚ, ಆಯುಧ ಇವೆಲ್ಲ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್‌ಗಳಾದ ಪಿಎಲ್ಎ, ಪಿಇಟಿಜಿ, ಪಿಇಟಿ ಅಥವಾ ಎಬಿಎಸ್‌ನಲ್ಲೇ ಇರಬೇಕು. ಎರಡು: ಮೋಟಾರು, ಬ್ಯಾಟರಿ, ಎಲೆಕ್ಟ್ರಾನಿಕ್ಸ್, ಬೇರಿಂಗ್, ಶಾಫ್ಟ್, ಬೋಲ್ಟು ಮತ್ತು ನಟ್ಟುಗಳಿಗೆ ಈ ಮಿತಿ ಇಲ್ಲ. ಬೋಲ್ಟಿಗೆ ವಿನಾಯಿತಿ ಏಕೆ ಕೊಟ್ಟಿದ್ದೇವೆ ಎಂಬುದು ಮಾತ್ರ ಎಲ್ಲೂ ಬರೆದಿರಲಿಲ್ಲ. ಬರೆದವರಿಗೆ ಅದು ಬರೆಯಬೇಕಾದ ಮಾತು ಅನ್ನಿಸಿರಲೂ ಇಲ್ಲ. ಬೋಲ್ಟು ಇರುವುದು ಬಿಗಿಯಲು, ಮತ್ತೇನು?

ಇದೇ ವಿಭಾಗವನ್ನು ನಡೆಸುವ ಎಷ್ಟೋ ಸ್ಪರ್ಧೆಗಳಲ್ಲಿ ‘ಲೋಹದ ಬಿಡಿಭಾಗಗಳನ್ನು ಗಟ್ಟಿತನ ಹೆಚ್ಚಿಸಲು ಅಥವಾ ಆಯುಧವಾಗಿ ಬಳಸುವಂತಿಲ್ಲ’ ಎಂಬ ಮಾತು ಸೇರಿರುತ್ತದೆ. ಇಲ್ಲಿ ಅದು ಬಿಟ್ಟುಹೋಗಿತ್ತು.

ಡ್ರಮ್ಮಿನ ವಿನ್ಯಾಸ

ಡ್ರಮ್ ತಂಡದ ಹಳೆಯ ರೋಬೋದಲ್ಲಿ ಪಿಇಟಿಜಿ ಡ್ರಮ್ ಇತ್ತು: ಅಗಲ 40 ಮಿ.ಮೀ., ಮೈ ತ್ರಿಜ್ಯ 26 ಮಿ.ಮೀ., ಎರಡು ಸಾಲು ಹಲ್ಲು, ಹಲ್ಲಿನ ತುದಿಗೆ ತ್ರಿಜ್ಯ 34 ಮಿ.ಮೀ. ಒಳಗೆ 22 ಮಿ.ಮೀ. ವ್ಯಾಸದ ಹಬ್ ಮೋಟಾರು. ಮೋಟಾರು ಬಿಟ್ಟು ಡ್ರಮ್ಮಿನ ತೂಕ ಸುಮಾರು 51 ಗ್ರಾಂ. ನಿಮಿಷಕ್ಕೆ 9,000 ಸುತ್ತು ತಿರುಗುವಾಗ ಅದರಲ್ಲಿ ಕೂಡಿರುವ ಶಕ್ತಿ ಹೆಚ್ಚು ಕಡಿಮೆ 10 ಜೂಲ್.

ಹೊಸ ಡ್ರಮ್ಮಿನಲ್ಲಿ ಪ್ಲಾಸ್ಟಿಕ್ ಹಲ್ಲಿನ ಬದಲು ನಾಲ್ಕು ಎಂ6 × 16 ಅಲೆನ್ ಬೋಲ್ಟು (6 ಮಿ.ಮೀ. ದಪ್ಪ, 16 ಮಿ.ಮೀ. ಉದ್ದ) ಬಂದವು, 12.9 ದರ್ಜೆಯವು, ಅಂದರೆ ಬಹಳ ಗಟ್ಟಿ ಉಕ್ಕಿನವು. ಒಂದೊಂದೂ 6 ಗ್ರಾಂ. ಬೋಲ್ಟಿನ ತಲೆಯ ಕೆಳಗೆ 2 ಮಿ.ಮೀ. ದಪ್ಪದ ಪಿಇಟಿಜಿ ಬಿಲ್ಲೆ. ನಿಯಮದ ಕಣ್ಣಿಗೆ ಆ ಬಿಲ್ಲೆಯೇ ಹಲ್ಲು. ಬೋಲ್ಟು ಅದನ್ನು ಹಿಡಿದುಕೊಂಡಿದೆ, ಅಷ್ಟೆ. ತಲೆ 6 ಮಿ.ಮೀ. ಎತ್ತರ, 10 ಮಿ.ಮೀ. ಅಗಲ, ಬಿಲ್ಲೆಯ ಮೇಲೆ ಕೂತಾಗ ಅದರ ತುದಿ ಸರಿಯಾಗಿ ಹಳೆಯ ಹಲ್ಲಿನ 34 ಮಿ.ಮೀ.ಗೇ ಬಂತು. ಹೆಚ್ಚಾದ ಸುಮಾರು 20 ಗ್ರಾಮನ್ನು ಮೇಲಿನ ಮುಚ್ಚಳ ತೆಳುವಾಗಿಸಿ ಸರಿದೂಗಿಸಿದರು.

ಶಕ್ತಿ 10 ಜೂಲಿನಿಂದ ಸುಮಾರು 15.5 ಜೂಲಿಗೆ ಏರಿತು. ಅಂಚಿನಲ್ಲಿಟ್ಟ ಒಂದು ಗ್ರಾಂ ಅರ್ಧ ತ್ರಿಜ್ಯದಲ್ಲಿಟ್ಟ ಒಂದು ಗ್ರಾಮಿನ ನಾಲ್ಕರಷ್ಟು ಕೆಲಸ ಮಾಡುತ್ತದೆ. ಬೋಲ್ಟಿನ ತೂಕದ ಅರ್ಧಕ್ಕೂ ಹೆಚ್ಚು ಇರುವುದು ತಲೆಯಲ್ಲಿ, ತಲೆ ಇರುವುದು ಅಂಚಿನಲ್ಲಿ. ಆದರೆ ಒಂದೂವರೆ ಪಟ್ಟು ಶಕ್ತಿ ಇಲ್ಲಿ ದೊಡ್ಡ ಮಾತಲ್ಲ. ಅಷ್ಟನ್ನು ಮೋಟಾರಿನ ವೇಗ ಕಾಲು ಭಾಗ ಹೆಚ್ಚಿಸಿಯೂ ಗಳಿಸಬಹುದಿತ್ತು, ಯಾರೂ ತಕರಾರು ಎತ್ತುತ್ತಿರಲಿಲ್ಲ. ನಿಜವಾದ ಲಾಭ ಎಂದರೆ ಉಕ್ಕಿನ ತಲೆ ಸವೆಯುವುದಿಲ್ಲ. ಮೊದಲ ಸೆಕೆಂಡಿನಲ್ಲಿ ಹೇಗೆ ಕಚ್ಚುತ್ತಿತ್ತೋ ಮೂರನೆಯ ನಿಮಿಷದಲ್ಲೂ ಹಾಗೇ ಕಚ್ಚುತ್ತದೆ. ವಿಭಾಗದ ಸಮತೋಲಕ್ಕೆ ಆಧಾರವಾಗಿದ್ದ ಸವೆತವನ್ನೇ ಆ ನಾಲ್ಕು ಬೋಲ್ಟು ತೆಗೆದುಹಾಕಿದವು.

ಮೊದಲ ತಿರುವು: ಖಾಸಗಿ ಪ್ರಶ್ನೆ, ಖಾಸಗಿ ಉತ್ತರ

ಸ್ಪರ್ಧೆಗೆ ಮೂರು ವಾರ ಮೊದಲು ತಂಡ ಆಯೋಜಕರಿಗೆ ಇಮೇಲ್ ಕಳಿಸಿತ್ತು. ಕೇಳಿದ್ದು ಇಷ್ಟು: ‘ಡ್ರಮ್ಮಿನ ಹಲ್ಲುಗಳನ್ನು ಒಂದೇ ಅಚ್ಚಿನಲ್ಲಿ ಪ್ರಿಂಟ್ ಮಾಡದೆ, ಬೇರೆಯಾಗಿ ಮಾಡಿ ಬೋಲ್ಟಿನಿಂದ ಕೂರಿಸಬಹುದೇ?’ ಉತ್ತರ: ‘ಆಗಬಹುದು.’

ಪ್ರಶ್ನೆಯಲ್ಲಿ ಸುಳ್ಳಿಲ್ಲ, ಚಿತ್ರವೂ ಇಲ್ಲ. ಬೋಲ್ಟಿನ ಅಳತೆ ಇಲ್ಲ, ತಲೆ ಹೊರಗೆ ನಿಲ್ಲುತ್ತದೆ ಎಂಬುದಿಲ್ಲ. ‘ಹೌದು’ ಎನ್ನಿಸಿಕೊಳ್ಳಲೆಂದೇ ಹೆಣೆದ ಪ್ರಶ್ನೆ ಎಂದು ಆಮೇಲೆ ಹಲವರು ಹೇಳಿದರು, ಇರಬಹುದು. ಆದರೆ ಹಲ್ಲನ್ನು ಬಿಡಿಯಾಗಿ ಮಾಡಿ ಬೋಲ್ಟಿನಲ್ಲಿ ಕೂರಿಸುವುದು ಒಳ್ಳೆಯ ವಿನ್ಯಾಸವೇ, ಮುರಿದರೆ ಇಡೀ ಡ್ರಮ್ ಬದಲಿಸುವ ಕಷ್ಟವಿಲ್ಲ. ಉತ್ತರಿಸಿದವರ ಮನಸ್ಸಿನಲ್ಲಿ ಮೂಡಿದ್ದು ಆ ಚಿತ್ರ. ತಪ್ಪಾದದ್ದು ಎರಡು ಕಡೆ. ಒಂದು, ಚಿತ್ರ ಕೇಳದೆ ಉತ್ತರ ಕೊಟ್ಟದ್ದು. ಇನ್ನೊಂದು ಅದಕ್ಕಿಂತ ದೊಡ್ಡದು: ಪ್ರಶ್ನೋತ್ತರ ಇಬ್ಬರ ನಡುವೆಯೇ ಉಳಿದದ್ದು. ಅದು ಎಲ್ಲ ತಂಡಗಳಿಗೂ ಹೋಗಿದ್ದರೆ ಮಿಕ್ಕ ಹದಿನೈದು ತಂಡಗಳಲ್ಲಿ ಒಬ್ಬರಾದರೂ ‘ಬೋಲ್ಟಿನ ತಲೆ ಎಲ್ಲಿರಬೇಕು?’ ಎಂದು ಅಂದೇ ಕೇಳುತ್ತಿದ್ದರು.

ತಾಂತ್ರಿಕ ತಪಾಸಣೆಯಲ್ಲಿ ರೋಬೋ ಸಲೀಸಾಗಿ ಪಾಸಾಯಿತು. ತೂಕ 452 ಗ್ರಾಂ. ಟ್ರಾನ್ಸ್‌ಮಿಟರ್ ಆಫ್ ಮಾಡಿದಾಗ ಚಕ್ರವೂ ಆಯುಧವೂ ನಿಂತವು. ಆಯುಧ ಪೂರ್ತಿ ವೇಗದಿಂದ ನಿಲ್ಲಲು 60 ಸೆಕೆಂಡ್ ಮಿತಿ. ಇದು 9 ಸೆಕೆಂಡಿನಲ್ಲಿ ನಿಂತಿತು. ಆಯುಧಕ್ಕೆ ಹಾಕುವ ಸುರಕ್ಷತಾ ಪಿನ್ನು ಸರಿಯಿತ್ತು. ತಪಾಸಕರ ಪಟ್ಟಿಯಲ್ಲಿ ‘ವಸ್ತು’ ಎಂಬ ಕಾಲಮ್ಮಿನ ಎದುರು ಒಂದು ಗುರುತು ಹಾಕಬೇಕಿತ್ತು, ಹಾಕಿದರು.

ಎರಡನೆಯ ತಿರುವು: ಅರ್ಧ ದಾರಿಯಲ್ಲಿ ನಿಯಮ

ಹದಿನಾರು ರೋಬೋಗಳ ನಾಕೌಟ್. ಡ್ರಮ್ ತಂಡದ ಮೊದಲ ಪಂದ್ಯ 38 ಸೆಕೆಂಡಿನಲ್ಲಿ ಮುಗಿಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಎದುರಾಳಿಯ ಮುಂದಿನ ವೆಜ್, ಅಂದರೆ ಇಳಿಜಾರು ಹಲಗೆ, 5 ಮಿ.ಮೀ. ದಪ್ಪದ್ದು, ಆ ವಿಭಾಗದಲ್ಲಿ ಅದು ದಪ್ಪವೇ. ಎರಡು ಹೊಡೆತಕ್ಕೆ ಮೂರು ಚೂರಾಯಿತು, ಮೂರನೆಯದು ಚಕ್ರದ ಮೋಟಾರನ್ನು ಗಿಯರ್‌ಬಾಕ್ಸ್ ಸಮೇತ ಕಿತ್ತಿತು. ಸೋತ ತಂಡ ಚೂರುಗಳನ್ನು ತಂದು ತೀರ್ಪುಗಾರರ ಮೇಜಿನ ಮೇಲಿಟ್ಟಿತು. ಪ್ಲಾಸ್ಟಿಕ್ಕಿನಲ್ಲಿ ಅರ್ಧಚಂದ್ರದ ಆಕಾರದ ಅಚ್ಚೊತ್ತಿತ್ತು, ವ್ಯಾಸ 10 ಮಿ.ಮೀ. ವಾದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆಯೋಜಕರ ಮುಂದೆ ಇದ್ದ ದಾರಿಗಳು ಮೂರು. ಸದ್ಯಕ್ಕೆ ಏನೂ ಮಾಡದೆ ಬಿಟ್ಟು ಸ್ಪರ್ಧೆ ಮುಗಿದ ಮೇಲೆ ನಿಯಮ ತಿದ್ದುವುದು, ರೋಬೋವನ್ನು ಅನರ್ಹಗೊಳಿಸುವುದು, ಅಥವಾ ಆದ ಫಲಿತಾಂಶ ಹಾಗೇ ಉಳಿಸಿ, ಮುಂದಿನ ಪಂದ್ಯದಿಂದ ಬದಲಾವಣೆ ಕೇಳುವುದು.

ಇಂಥ ಇಕ್ಕಟ್ಟಿಗೆ ಈ ಕ್ರೀಡೆಯ ಇತಿಹಾಸದಲ್ಲಿ ಹಿಂದಿನ ಮೇಲ್ಪಂಕ್ತಿ ಸಿಗುತ್ತದೆ. ಅಮೆರಿಕದ ಟಿವಿ ರೋಬೋ ಸ್ಪರ್ಧೆಯಾದ 2001ರ ಬ್ಯಾಟಲ್‌ಬಾಟ್ಸ್‌ನಲ್ಲಿ ಸನ್ ಆಫ್ ವಯಾಚಿ ಎಂಬ ರೋಬೋ ಚಕ್ರದ ಬದಲು, ಓರೆ ಕೇಂದ್ರದ ಬಿಲ್ಲೆಯಾದ ಕ್ಯಾಮ್‌ನಿಂದ ತಿರುಗುವ ಕಾಲುಗಳ ಮೇಲೆ ಸರಿದಾಡಿ, ನಡೆಯುವ ರೋಬೋಗಳಿಗೆಂದು ಇಟ್ಟಿದ್ದ ಹೆಚ್ಚುವರಿ ತೂಕದ ಲಾಭ ಪಡೆಯಿತು, ಹೆವಿವೇಟ್ ಕಿರೀಟವನ್ನೂ ಗೆದ್ದಿತು. ಗೆಲುವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಅಂಥ ಕಾಲಿಗೆ ತೂಕದ ರಿಯಾಯಿತಿ ಮುಂದೆ ಸಿಗದಂತೆ ನಿಯಮ ಬದಲಾಯಿತು. 2015ರಲ್ಲಿ ಅದೇ ಸ್ಪರ್ಧೆಯಲ್ಲಿ ಕಂಪ್ಲೀಟ್ ಕಂಟ್ರೋಲ್ ಎಂಬ ರೋಬೋ ಉಡುಗೊರೆ ಡಬ್ಬಿಯೊಳಗೆ ಬಲೆ ಬಚ್ಚಿಟ್ಟು ತಂದು ಘೋಸ್ಟ್ ರ‍್ಯಾಪ್ಟರ್‌ನ ಬ್ಲೇಡಿಗೆ ಸುತ್ತಿಹಾಕಿತು. ಸಿಕ್ಕಿಹಾಕಿಸುವ ಸಾಧನಗಳು ನಿಷಿದ್ಧ ಎಂಬುದು ಹಿಂದಿನಿಂದ ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದರೆ ಆ ವರ್ಷದ ಹೊಸ ನಿಯಮದಲ್ಲಿ ಅದು ಇಲ್ಲ ಎಂಬುದು ತಂಡದ ವಾದ. ಪಂದ್ಯ ನಿಲ್ಲಿಸಿ ಮತ್ತೆ ಆಡಿಸಲಾಯಿತು. ಎರಡೂ ಪ್ರಕರಣದಲ್ಲಿ ಲೋಪ ಒಂದೇ ಬಗೆಯದು. ಎಲ್ಲರಿಗೂ ಗೊತ್ತಿದೆ ಎಂದುಕೊಂಡದ್ದು ಕಾಗದದ ಮೇಲೆ ಇರಲಿಲ್ಲ.

ಇಲ್ಲಿ ಅನರ್ಹಗೊಳಿಸುವ ದಾರಿಯನ್ನು ಇಮೇಲ್ ಮುಚ್ಚಿಬಿಟ್ಟಿತ್ತು. ಲಿಖಿತ ಒಪ್ಪಿಗೆ ಕೊಟ್ಟು ಆಮೇಲೆ ಹೊರಗಟ್ಟಿದರೆ ಮುಂದೆ ಯಾವ ತಂಡವೂ ಮುಂಚಿತವಾಗಿ ಕೇಳುವುದಿಲ್ಲ, ಬಚ್ಚಿಟ್ಟು ತರುತ್ತದೆ. ಈ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಇಪ್ಪತ್ತು ನಿಮಿಷ ಚರ್ಚಿಸಿ ಮೂರನೆಯ ದಾರಿ ಹಿಡಿದರು: ಫಲಿತಾಂಶ ಉಳಿಯುತ್ತದೆ, ಸೆಮಿಫೈನಲ್‌ನಿಂದ ‘ಬೋಲ್ಟಿನ ತಲೆ ಪ್ಲಾಸ್ಟಿಕ್ ಮೈಗಿಂತ ಹೊರಗೆ ಇರಬಾರದು.’

ತಂಡ ಎದುರು ಮಾತಾಡಲಿಲ್ಲ. ಪೆಟ್ಟಿಗೆಯಿಂದ ಒಂದು ಚೀಲ ತೆಗೆಯಿತು. ಅದರಲ್ಲಿ ನಾಲ್ಕು ಪಿಇಟಿಜಿ ತುಂಡು, 16 × 16 × 8 ಮಿ.ಮೀ. ಅಳತೆಯವು, ಮೊದಲೇ ಪ್ರಿಂಟ್ ಹಾಕಿ ತಂದದ್ದು! ಪ್ರತಿ ತುಂಡಿನ ನಡುವೆ ಬೋಲ್ಟಿನ ತಲೆ ಮುಳುಗಿ ಕೂರುವ 6 ಮಿ.ಮೀ. ಆಳದ ಕುಳಿ, ಅಂದರೆ ಕೌಂಟರ್‌ಬೋರ್. ಹಳೆಯ ಬಿಲ್ಲೆ ತೆಗೆದು ಈ ತುಂಡು ಇಟ್ಟು ಅದೇ ಬೋಲ್ಟು ಬಿಗಿದರೆ ತಲೆ ಪ್ಲಾಸ್ಟಿಕ್ಕಿನ ಮಟ್ಟಕ್ಕೆ ಸರಿಯಾಗಿ ಕೂರುತ್ತದೆ. ಕ್ಯಾಲಿಪರ್ ಹಿಡಿದು ನೋಡಿದರು. ಹೊರಗೆ ಒಂದು ಕೂದಲಷ್ಟೂ ಇಲ್ಲ. ಉಕ್ಕು ಮಾತ್ರ ಇದ್ದಲ್ಲೇ ಇತ್ತು, ಅದೇ ತ್ರಿಜ್ಯ, ಅದೇ 24 ಗ್ರಾಂ. ತಲೆಯ ಸುತ್ತ ಉಳಿದ ಪ್ಲಾಸ್ಟಿಕ್ ಗೋಡೆ 3 ಮಿ.ಮೀ.ಗೂ ಕಡಿಮೆ.

ಸೆಮಿಫೈನಲ್‌ನ ಮೊದಲ ಹೊಡೆತಕ್ಕೆ ಆ ಗೋಡೆ ಸಿಡಿದು ಹೋಯಿತು. ಅಲ್ಲಿಂದ ಮುಂದೆ ಮತ್ತೆ ಅದೇ ಉಕ್ಕಿನ ಹಲ್ಲು. ನಿಯಮ ಹೇಳಿದ್ದು ‘ಇರಬಾರದು’ ಎಂದು. ಯಾವಾಗ ಎಂಬುದಕ್ಕೆ ತಪಾಸಣೆಯ ಮೇಜೇ ಉತ್ತರ. ಪಂದ್ಯದ ನಡುವೆ ಸವೆದು ಬಯಲಾದರೆ ಏನು ಎಂದು ಯಾರೂ ಹೇಳಿರಲಿಲ್ಲ. ರೋಬೋ ಫೈನಲ್ ತಲುಪಿತು.

ಆಯೋಜಕರ ನಿರ್ಧಾರ ತಪ್ಪೇ? ನ್ಯಾಯದ ದೃಷ್ಟಿಯಿಂದ ಅಲ್ಲ. ಆದರೆ ಇಪ್ಪತ್ತು ನಿಮಿಷದಲ್ಲಿ ಹೊಸ ವಾಕ್ಯ ಬರೆದು, ಆ ಕ್ಷಣವೇ ಅದನ್ನು ಅತಿ ಚುರುಕಾದ ತಂಡದ ಮೇಲೆ ಪ್ರಯೋಗಿಸಲು ಹೋದದ್ದು ಎಡವಟ್ಟಾಯಿತು. ಅಂಥ ಹೊತ್ತಿನಲ್ಲಿ ಹೊಸ ನಿಯಮಕ್ಕಿಂತ ಹಳೆಯ ವಸ್ತು ಮೇಲು: ‘ಹಿಂದಿನ ಸ್ಪರ್ಧೆಗೆ ತಂದಿದ್ದ ಪ್ಲಾಸ್ಟಿಕ್ ಡ್ರಮ್ ಹಾಕಿ’ ಎಂದಿದ್ದರೆ ಮುಗಿಯುತ್ತಿತ್ತು. ಅದು ತಂಡದ ಪೆಟ್ಟಿಗೆಯಲ್ಲಿ ಬಿಡಿಭಾಗವಾಗಿ ಇತ್ತು ಎಂಬುದು ಆಮೇಲೆ ತಿಳಿಯಿತು.

ಮೂರನೆಯ ತಿರುವು: ಕಳಚಿದ ಬೋಲ್ಟು

ಫೈನಲ್‌ನಲ್ಲಿ ಡ್ರಮ್ ತಂಡ ಸೋತಿತು, ಅದೂ ತನ್ನ ಬೋಲ್ಟಿನಿಂದಲೇ. ಸುಮಾರು 70ನೆಯ ಸೆಕೆಂಡಿಗೆ ಒಂದು ಬೋಲ್ಟು ಕಳಚಿ ಹಾರಿತು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಥ್ರೆಡ್ ನೇರವಾಗಿ ಪಿಇಟಿಜಿಯಲ್ಲೇ ಕೊರೆದದ್ದು. ಮೊದಲು 14 ಮಿ.ಮೀ. ಹಿಡಿತ ಇತ್ತು. ತಿರುಗುವಾಗ ಪ್ರತಿ ಬೋಲ್ಟನ್ನು ಹೊರಗೆಳೆಯುವ ಬಲ ಸುಮಾರು 138 ನ್ಯೂಟನ್, ಅಂದರೆ 14 ಕಿಲೋ ತೂಗುಹಾಕಿದ ಹಾಗೆ. ಹೊಸ ಪ್ಲಾಸ್ಟಿಕ್ಕಿಗೆ ಇದು ಭಾರವಲ್ಲ. ಆದರೆ ಬೋಲ್ಟಿನ ತುದಿ ಮೋಟಾರಿನ ಮೈಯಿಂದ ಬರೀ 1 ಮಿ.ಮೀ. ದೂರ. ಪಿಇಟಿಜಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಮೂರು ಪಂದ್ಯ ದುಡಿದ ಹಬ್ ಮೋಟಾರು ಅಷ್ಟು ಬಿಸಿ ಏರುವುದು ಅಪರೂಪವಲ್ಲ. ಬೋಲ್ಟು ಎರಡು ಸಲ ಬಿಚ್ಚಿ ಹಾಕಿದ್ದರಿಂದ ಥ್ರೆಡ್ ಮೊದಲೇ ಸಡಿಲ. ತಂಡ ಥ್ರೆಡ್‌ಲಾಕರ್ ಅಂಟು ಹಾಕಿತ್ತು, ಆದರೆ ಆ ಅಂಟು ಗಟ್ಟಿಯಾಗಲು ಲೋಹದ ಸಂಪರ್ಕ ಬೇಕು, ಎರಡೂ ಕಡೆ ಲೋಹವಿದ್ದರೆ ಒಳ್ಳೆಯದು. ಪ್ಲಾಸ್ಟಿಕ್ ಥ್ರೆಡ್ಡಿನಲ್ಲಿ ಅದು ಬಹುಮಟ್ಟಿಗೆ ಹಸಿಯಾಗಿ ಉಳಿದು ಎಣ್ಣೆಯ ಕೆಲಸ ಮಾಡುತ್ತದೆ. ಎಬಿಎಸ್ ಆಗಿದ್ದರೆ ಬಿರುಕನ್ನೂ ಬಿಡಿಸುತ್ತಿತ್ತು.

ಒಂದು ಬೋಲ್ಟು ಹೋದ ಡ್ರಮ್ಮಿನಲ್ಲಿ ಆ 138 ನ್ಯೂಟನ್ ಬಲಕ್ಕೆ ಎದುರು ಸರಿದೂಗಿಸುವವರಿಲ್ಲ. ರೋಬೋದ ಸ್ವಂತ ತೂಕ ನಾಲ್ಕೂವರೆ ನ್ಯೂಟನ್. ಮೂವತ್ತು ಪಟ್ಟು ಬಲ ಸುತ್ತ ಸುತ್ತ ಎಳೆದಾಡಿದರೆ ರೋಬೋ ಓಡುವುದಿಲ್ಲ, ಕುಪ್ಪಳಿಸುತ್ತದೆ. ಚಾಲಕ ಆಯುಧವನ್ನು ಕಾಲು ವೇಗಕ್ಕೆ ಇಳಿಸಿ ಉಳಿದ ಹೊತ್ತು ತಳ್ಳಾಡಿದ. ತೀರ್ಪುಗಾರರ ಅಂಕದಲ್ಲಿ ಸೋಲು.

ಹಾರಿದ ಬೋಲ್ಟು ಅರೇನಾದೊಳಗೇ ಸಿಕ್ಕಿತು. ಗೋಡೆ 6 ಮಿ.ಮೀ. ಪಾಲಿಕಾರ್ಬೊನೇಟ್, ಅದರ ಮೇಲೆ ಒಂದು ಚುಕ್ಕೆ ಬಿದ್ದಿತ್ತು, ಅಷ್ಟೆ. ಸೆಕೆಂಡಿಗೆ 24 ಮೀಟರ್ ವೇಗದ 6 ಗ್ರಾಂ ಉಕ್ಕನ್ನು ಆ ಹಾಳೆ ಸುಲಭವಾಗಿ ತಡೆಯುತ್ತದೆ. ಆದರೆ ಅರೇನಾದ ಬಾಗಿಲ ಕೆಳಗೆ 11 ಮಿ.ಮೀ. ಸಂದಿ ಇತ್ತು. ಪ್ಲಾಸ್ಟಿಕ್ ಚೂರು ಅಲ್ಲಿಂದ ಹೊರಬಿದ್ದರೂ ಯಾರಿಗೂ ಏನೂ ಆಗದು ಎಂದು ವರ್ಷಗಟ್ಟಲೆ ಹಾಗೇ ಬಿಟ್ಟ ಸಂದಿ. ಬೋಲ್ಟಿನ ತಲೆಯ ವ್ಯಾಸ 10.

ಅಲ್ಲಿಯವರೆಗೆ ‘ಜಾಣತನಕ್ಕೆ ಶಿಕ್ಷೆ ಏಕೆ?’ ಎನ್ನುತ್ತಿದ್ದವರೂ ಆ ಅಳತೆ ಕೇಳಿ ಸುಮ್ಮನಾದರು. ನಿಯಮದ ಜಗಳವನ್ನು ನ್ಯಾಯದ ಮಾತಿನಲ್ಲಿ ಬಗೆಹರಿಸಲು ಹೊರಟರೆ ಎರಡೂ ಕಡೆ ಸತ್ಯವಿರುತ್ತದೆ. ಸುರಕ್ಷತೆಯ ಮಾತು ಬಂದರೆ ವಾದ ಬೇಗ ಮುಗಿಯುತ್ತದೆ. ‘ಪ್ಲಾಸ್ಟಿಕ್ ಮಾತ್ರ’ ಎಂಬುದನ್ನು ನಂಬಿ ಅರೇನಾ ಕಟ್ಟಿದ್ದರೆ ಆ ನಿಯಮ ಸುರಕ್ಷತಾ ನಿಯಮವೂ ಹೌದು. ಆದರೆ ಹಾಗೆಂದು ಎಲ್ಲೂ ಬರೆದಿರಲಿಲ್ಲ.

ನಿಯಮ ತಿದ್ದಿದ ಬಗೆ

ತಿದ್ದುವ ಸಮಿತಿಗೆ ಆಯೋಜಕರು ಡ್ರಮ್ ತಂಡದ ವಿನ್ಯಾಸಗಾರನನ್ನೇ ಕರೆದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ನಿರ್ಧಾರ ಇನ್ನೊಂದಿಲ್ಲ. ಕೆಲಸ ಸರಳ: ಪ್ರತಿ ಕರಡನ್ನೂ ಆತನ ಕೈಗೆ ಕೊಡುವುದು, ಒಂದು ದಿನದೊಳಗೆ ಅದನ್ನು ಒಡೆಯಲು ಹೇಳುವುದು.

ಮೊದಲ ಕರಡು: ‘ಎದುರಾಳಿಗೆ ತಾಗುವ ಜಾಗದಲ್ಲಿ ಲೋಹ ಇರಬಾರದು.’ ಒಡೆಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ತಲೆಕೆಳಗಾದ ರೋಬೋದ ತಳದ ಸ್ಕ್ರೂಗಳೂ ಎದುರಾಳಿಗೆ ತಾಗುತ್ತವೆ, ಹಾಗಾದರೆ ಎಲ್ಲರೂ ಅನರ್ಹರು. ಇನ್ನೊಂದು ಕಡೆ, ಉಕ್ಕಿನ ಮೇಲೆ 0.4 ಮಿ.ಮೀ. ಪ್ಲಾಸ್ಟಿಕ್ ಪದರ ಎಳೆದರೆ ಅದು ‘ತಾಗುವ ಜಾಗ’ ಅಲ್ಲ.

ಎರಡನೆಯದು ತೂಕದ ಮಿತಿ: ತಿರುಗುವ ಆಯುಧದಲ್ಲಿ ಮೋಟಾರು ಮತ್ತು ಬೇರಿಂಗ್ ಬಿಟ್ಟು ಉಳಿದ ಲೋಹ ಶೇ. 10 ಮೀರಬಾರದು. ಅಂಕಿ ಇದ್ದರೆ ವಾದವಿರದು ಎಂಬ ನಂಬಿಕೆ. 70 ಗ್ರಾಂ ಡ್ರಮ್ಮಿಗೆ 7 ಗ್ರಾಂ ಸಿಗುತ್ತದೆ. ಆ ಏಳನ್ನೂ ತುದಿಯಲ್ಲೇ ಇಟ್ಟರೆ ಹಳೆಯ ಬೋಲ್ಟುಗಳ ಲಾಭದ ಶೇ. 40ರಷ್ಟು ವಾಪಸ್ ಬರುತ್ತದೆ, ಗಟ್ಟಿ ಹಲ್ಲಂತೂ ಪೂರ್ತಿ ಬರುತ್ತದೆ. ಮೋಟಾರಿಗೆ ಕೊಟ್ಟ ವಿನಾಯಿತಿ ಇದಕ್ಕಿಂತ ದೊಡ್ಡ ಬಾಗಿಲು. ಔಟ್‌ರನ್ನರ್ ಮೋಟಾರಿನಲ್ಲಿ ತಿರುಗುವುದು ಹೊರಗಿನ ಉಕ್ಕಿನ ಬಟ್ಟಲು. ದೊಡ್ಡ ಮೋಟಾರು ತಂದು ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಅಂಗಿ ತೊಡಿಸಿದರೆ ಮೋಟಾರೇ ಆಯುಧ. ಜೊತೆಗೆ, ಶೇ. 10 ಅಳೆಯಬೇಕಾದರೆ ಪ್ರತಿ ಆಯುಧವನ್ನೂ ಬಿಚ್ಚಿ ತೂಗಬೇಕು. ಬೆಳಿಗ್ಗೆ ಎರಡು ಗಂಟೆಯಲ್ಲಿ ಇಪ್ಪತ್ತು ರೋಬೋ ನೋಡಬೇಕಾದ ಮೇಜಿನಲ್ಲಿ ಅದು ನಡೆಯುವ ಮಾತಲ್ಲ.

ಮೂರನೆಯ ಕರಡು ಉಳಿಯಿತು. ಅದರ ಮೊದಲ ವಾಕ್ಯ ಉದ್ದೇಶ: ‘ಈ ವಿಭಾಗದಲ್ಲಿ ಹೊಡೆಯುವುದೂ ಹೊಡೆತ ತಾಳುವುದೂ ಪ್ಲಾಸ್ಟಿಕ್ಕೇ ಆಗಿರಬೇಕು, ಲೋಹಕ್ಕೆ ವಿನಾಯಿತಿ ಇರುವುದು ಭಾಗಗಳನ್ನು ಕೂಡಿಸಲು ಮತ್ತು ತಿರುಗಿಸಲು ಮಾತ್ರ.’ ಅದರ ಕೆಳಗೆ ಅಳತೆಗಳು. ತಿರುಗುವ ಆಯುಧದಲ್ಲಿ, ಮೋಟಾರಿನ ಬಟ್ಟಲೂ ಸೇರಿ, ಯಾವ ಲೋಹವೂ ಶಾಫ್ಟಿನ ಕೇಂದ್ರದಿಂದ ಹಲ್ಲಿನ ತುದಿಯವರೆಗಿನ ಅರ್ಧ ತ್ರಿಜ್ಯ ದಾಟಬಾರದು. 34 ಮಿ.ಮೀ. ಡ್ರಮ್ಮಿಗೆ 17 ಮಿ.ಮೀ.; ಸಾಮಾನ್ಯ 28 ಮಿ.ಮೀ. ವ್ಯಾಸದ ಮೋಟಾರು ಅದರೊಳಗೆ ಹಿಡಿಯುತ್ತದೆ, ದೊಡ್ಡ ಮೋಟಾರಿನ ಆಟ ನಡೆಯುವುದಿಲ್ಲ. ತಿರುಗದ ಭಾಗಗಳಲ್ಲಿ, ಅಂದರೆ ವೆಜ್, ಫೋರ್ಕ್, ಕವಚಗಳಲ್ಲಿ, ಲೋಹ ಇದ್ದರೆ ಅದು ಮುಂದಿನ ಅಂಚಿನಿಂದ ಕನಿಷ್ಠ 5 ಮಿ.ಮೀ. ಹಿಂದಕ್ಕೆ ಇರಬೇಕು. ಆ ಐದು ಮಿಲಿಮೀಟರ್ ಸವೆತದ ಪಾಲು. ಪಂದ್ಯ ಮುಗಿದ ಮೇಲೆ ಲೋಹ ಬಯಲಾಗಿದ್ದರೆ ಆ ಭಾಗ ಬದಲಿಸದೆ ಮುಂದಿನ ಪಂದ್ಯವಿಲ್ಲ.

ವಿನ್ಯಾಸಗಾರ ಇದನ್ನೂ ಒಂದು ಕಡೆ ಸೀಳಿದ. ಡ್ರಮ್ಮಿಗೆ 60 ಮಿ.ಮೀ. ತ್ರಿಜ್ಯದ ಒಂದು ತೆಳು ಪ್ಲಾಸ್ಟಿಕ್ ಬಾಲ ಅಂಟಿಸಿ, ‘ಇದೇ ನನ್ನ ಹಲ್ಲಿನ ತುದಿ, ಅರ್ಧ ಅಂದರೆ 30’ ಎಂದ. 30 ಮಿ.ಮೀ.ನಲ್ಲಿ ಉಕ್ಕಿನ ತಲೆ ಆರಾಮಾಗಿ ಕೂರುತ್ತದೆ. ಬಾಲ ಮೊದಲ ಹೊಡೆತಕ್ಕೆ ಉದುರಿ ಹೋಗುತ್ತದೆ. ‘ಎಲ್ಲಕ್ಕಿಂತ ಗಿಡ್ಡ ಹಲ್ಲಿನ ತುದಿಯಿಂದ ಅಳೆಯಬೇಕು’ ಎಂದು ಸೇರಿಸಿದ್ದು ಆ ಬಾಲದಿಂದ.

ಮೇಜಿನ ಮೇಲೆ ಇದನ್ನು ಜಾರಿಗೆ ತರುವುದು

ಅರ್ಧ ತ್ರಿಜ್ಯ ನೋಡಲು ಪ್ಲಾಸ್ಟಿಕ್ ಹಾಳೆಯ ಮೇಲೆ ವೃತ್ತಗಳನ್ನು ಬರೆದ ಪಾರದರ್ಶಕ ಫಲಕವೊಂದು ಸಾಕಾಯಿತು. ಆಯುಧದ ಬದಿಗೆ ಹಿಡಿದರೆ ಹತ್ತು ಸೆಕೆಂಡಿನ ಕೆಲಸ. ಒಳಗೆ ಬಚ್ಚಿಟ್ಟ ಲೋಹ ಬೇರೆ ಸಮಸ್ಯೆ, ಏಕೆಂದರೆ ಪ್ರಿಂಟ್ ಅರ್ಧಕ್ಕೆ ನಿಲ್ಲಿಸಿ ಒಳಗೆ ಸರಳು ಇಟ್ಟು ಮತ್ತೆ ಮುಂದುವರಿಸಬಹುದು. ಮ್ಯಾಗ್ನೆಟ್ ಹಿಡಿದು ನೋಡುತ್ತೇವೆ ಎನ್ನುವವರು ನೆನಪಿಡಬೇಕು: ಅಲ್ಯೂಮಿನಿಯಂ, ಹಿತ್ತಾಳೆ, ಟೈಟಾನಿಯಂ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, 304 ದರ್ಜೆಯ ಸ್ಟೇನ್‌ಲೆಸ್ ಕೂಡ ಬಹುಮಟ್ಟಿಗೆ ಅಂಟುವುದಿಲ್ಲ. ಉಪಯೋಗಕ್ಕೆ ಬಂದದ್ದು ಸ್ಲೈಸರ್, ಅಂದರೆ ವಿನ್ಯಾಸವನ್ನು ಪ್ರಿಂಟರಿಗೆ ಪದರಗಳಾಗಿ ಕತ್ತರಿಸಿಕೊಡುವ ತಂತ್ರಾಂಶ, ತೋರಿಸುವ ತೂಕ. ತಂಡ ಆ ಅಂಕಿಯ ಚಿತ್ರ ಕಳಿಸಬೇಕು, ಮೇಜಿನ ಮೇಲೆ ಬಿಡಿ ಆಯುಧವನ್ನು ತೂಗಬೇಕು, ವ್ಯತ್ಯಾಸ ಶೇ. 10 ದಾಟಿದರೆ ವಿವರಣೆ ಕೇಳಬೇಕು. ಪ್ರತಿ ರೋಬೋಗೂ ಅಲ್ಲ, ಅನುಮಾನ ಬಂದದ್ದಕ್ಕೆ.

ಬೋಲ್ಟು ನಿಜಕ್ಕೂ ಬೋಲ್ಟಿನ ಕೆಲಸವನ್ನೇ ಮಾಡುತ್ತಿದೆಯೇ ಎಂದು ತಿಳಿಯಲು ತಪಾಸಕರು ಎರಡು ಪ್ರಶ್ನೆ ಇಟ್ಟುಕೊಂಡರು. ಇದನ್ನು ಬಿಚ್ಚಿದರೆ ಯಾವ ಭಾಗ ಕೈಗೆ ಬರುತ್ತದೆ? ಎರಡು ಅಳತೆ ಸಣ್ಣ ಬೋಲ್ಟು ಹಾಕಿದರೆ ಆ ಭಾಗ ನಿಲ್ಲುವುದಿಲ್ಲವೇ? 2 ಮಿ.ಮೀ. ಬಿಲ್ಲೆಯನ್ನು ಹಿಡಿಯಲು ಎಂ6 ಬೇಕು ಎಂದು ಯಾರೂ ಗಂಭೀರ ಮುಖದಿಂದ ಹೇಳಲಾರರು.

ಖಾಸಗಿ ಉತ್ತರಗಳು ನಿಂತವು. ಪ್ರಶ್ನೆ ಚಿತ್ರದೊಂದಿಗೇ ಬರಬೇಕು. ಉತ್ತರ, ತಂಡದ ಹೆಸರಿಲ್ಲದೆ, ಎಲ್ಲರಿಗೂ ಹೋಗುತ್ತದೆ. ‘ನನ್ನ ವಿನ್ಯಾಸದ ಗುಟ್ಟು ಬಯಲಾಗುತ್ತದೆ’ ಎಂಬ ಆಕ್ಷೇಪ ತಂಡಗಳಿಂದ ಬಂತು. ಅದಕ್ಕೆ ಕೊಟ್ಟ ಪರಿಹಾರ: ನಿಯಮಕ್ಕೆ ಸಂಬಂಧಪಟ್ಟ ಭಾಗವನ್ನಷ್ಟೇ ಆಯೋಜಕರು ಸರಳ ಗೆರೆಚಿತ್ರವಾಗಿ ಮರಳಿ ಬರೆದು ಕಳಿಸುತ್ತಾರೆ. ಸ್ಪರ್ಧೆಗೆ ಹತ್ತು ದಿನ ಮೊದಲು ಪ್ರಶ್ನೆ ಮುಚ್ಚುತ್ತದೆ.

ಮುಂದಿನ ಸ್ಪರ್ಧೆ

ಮುಂದಿನ ಬಾರಿ 22 ರೋಬೋ ಬಂದವು. ತಪಾಸಣೆಗೆ ಪ್ರತಿ ರೋಬೋಗೆ ಒಂದು ನಿಮಿಷ ಹೆಚ್ಚು ಹಿಡಿಯಿತು. ಬಾಗಿಲ ಸಂದಿಗೆ ಮರದ ಪಟ್ಟಿ ಬಡಿದಿದ್ದರು. ನಿಯಮ ಎಷ್ಟೇ ಬಿಗಿಯಾದರೂ ಆ ಪಟ್ಟಿ ಬೇಕು, ಮೋಟಾರಿನ ಆಯಸ್ಕಾಂತದ ಚೂರೂ ಹಾರುತ್ತದೆ.

ಡ್ರಮ್ ತಂಡ ಪೂರ್ತಿ ಪ್ಲಾಸ್ಟಿಕ್ ಡ್ರಮ್ಮಿನೊಂದಿಗೆ ಬಂದಿತ್ತು. ಹೊಸ ನಿಯಮದ ಪೆಟ್ಟು ಬಿದ್ದದ್ದು ಏನೂ ತಪ್ಪು ಮಾಡದ ಬೇರೊಂದು ತಂಡಕ್ಕೆ. ಅವರದು ಒಂಟಿ ಹಲ್ಲಿನ ಚಕ್ರ. ಒಂದೇ ಹಲ್ಲಿದ್ದರೆ ಸುತ್ತಿಗೊಂದೇ ಕಚ್ಚು, ಹಾಗಾಗಿ ಎದುರಾಳಿ ಹಲ್ಲಿನ ದಾರಿಯೊಳಗೆ ಹೆಚ್ಚು ಆಳಕ್ಕೆ ಬಂದಿರುತ್ತಾನೆ, ಕಚ್ಚು ಗಟ್ಟಿಯಾಗುತ್ತದೆ. ಆದರೆ ಹಲ್ಲಿನ ಎದುರು ಬದಿಗೆ ಸಮತೂಕ ಬೇಕು, ಅವರು ಅಲ್ಲಿ 5 ಗ್ರಾಮಿನ ಹಿತ್ತಾಳೆ ತುಂಡು ಇಡುತ್ತಿದ್ದರು. ಅದು ಯಾರಿಗೂ ತಾಗುತ್ತಿರಲಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಮುಳುಗಿತ್ತು. ಹೊಸ ಅಳತೆಯ ಪ್ರಕಾರ ಅದು ಅರ್ಧ ತ್ರಿಜ್ಯದ ಆಚೆ.

ಉದ್ದೇಶದ ವಾಕ್ಯ ಓದಿದರೆ ಹಿತ್ತಾಳೆಗೆ ಅವಕಾಶ ಕೊಡಬಹುದಿತ್ತು, ಅದು ಹೊಡೆಯುವ ವಸ್ತುವಲ್ಲ. ಅಳತೆಯ ವಾಕ್ಯ ಓದಿದರೆ ಆಗದು. ತಪಾಸಕರು ಅಳತೆಗೇ ನಿಂತರು. ಎರಡು ವಾಕ್ಯ ಜಗಳಕ್ಕೆ ಬಿದ್ದಾಗ ಉದ್ದೇಶವು ಇನ್ನಷ್ಟು ಬಿಗಿಗೊಳಿಸಲು ಬಳಕೆಯಾಗಬೇಕೇ ಹೊರತು ಸಡಿಲಿಸಲು ಅಲ್ಲ ಎಂಬುದು ಅವರ ವಾದ. ಸಡಿಲಿಸಲು ಬಿಟ್ಟರೆ ಪ್ರತಿ ತಂಡವೂ ತನ್ನ ಉಕ್ಕಿಗೆ ಒಂದು ಉದ್ದೇಶ ಕಟ್ಟಿಕೊಂಡು ಬರುತ್ತದೆ. ನಿಷ್ಠುರವಾದರೂ ಅಲ್ಲಿ ಅದು ಸರಿಯೇ. ತಂಡ ಹಿತ್ತಾಳೆ ಕಿತ್ತು, ಅದೇ ಜಾಗಕ್ಕೆ ಒಳಗೆ ಪೊಳ್ಳಿಲ್ಲದಂತೆ ಶೇ. 100 ತುಂಬಿದ ಪಿಇಟಿಜಿ ಗಡ್ಡೆ ಕೂರಿಸಿತು. ಪಿಇಟಿಜಿಯ ಸಾಂದ್ರತೆ ಸುಮಾರು 1.27, ಹಿತ್ತಾಳೆಯದು ಸುಮಾರು 8.5, ಅಷ್ಟೇ ತೂಕಕ್ಕೆ ಆರೇಳು ಪಟ್ಟು ಜಾಗ ಬೇಕು. ಗಡ್ಡೆ ಎಷ್ಟು ಉಬ್ಬಿತೆಂದರೆ ಮುಂದಿನ ಕವಚವನ್ನು 4 ಮಿ.ಮೀ. ಕೆತ್ತಬೇಕಾಯಿತು, ಎರಡನೆಯ ಪಂದ್ಯದಲ್ಲಿ ಆ ಕೆತ್ತಿದ ಜಾಗದಲ್ಲೇ ಕವಚ ಸೀಳಿತು.

ಸಮತೂಕಕ್ಕೆ ಪ್ರತ್ಯೇಕ ವಿನಾಯಿತಿ ಕೊಡಬೇಕೇ ಎಂಬ ಪ್ರಶ್ನೆ ಆ ತಂಡದಿಂದ ಚಿತ್ರದೊಂದಿಗೆ ಬಂದಿದೆ, ಎಲ್ಲರಿಗೂ ಹೋಗಿದೆ. ‘ಹಲ್ಲಿನ ಎದುರು ಬದಿಯ ಅರ್ಧವೃತ್ತದಲ್ಲಿ, ಎಲ್ಲ ಕಡೆ 5 ಮಿ.ಮೀ. ಪ್ಲಾಸ್ಟಿಕ್ ಮುಚ್ಚಿಗೆಯೊಳಗೆ, ಹೆಚ್ಚೆಂದರೆ 5 ಗ್ರಾಂ’ ಎಂಬ ಕರಡು ಸದ್ಯ ಡ್ರಮ್ ತಂಡದ ವಿನ್ಯಾಸಗಾರನ ಮೇಜಿನ ಮೇಲಿದೆ. ಎರಡು ಹಲ್ಲಿನ ಡ್ರಮ್ಮಿನಲ್ಲಿ ಎದುರು ಬದಿ ಯಾವುದು ಎಂಬುದು ಆತ ಬರೆದು ಕಳಿಸಿದ ಮೊದಲ ಪ್ರಶ್ನೆ.